ಮೆಮೊರಿ ಇದ್ದರೂ 9:15ಕ್ಕೆ ಸರ್ವರ್ ಗಕ್ಕನೆ ನಿಲ್ಲುತ್ತದೆ: ಡೈರೆಕ್ಟ್ ರಿಕ್ಲೇಮ್ ತಪ್ಪಿಸೋದು ಹೇಗೆ?

ಐರೋಲಿ ಆಪ್ಸ್:

ಎಲ್ಲರಿಗೂ ನಮಸ್ಕಾರ. ನವಿ ಮುಂಬೈಯಲ್ಲಿ ಒಂದು ಬ್ರೋಕಿಂಗ್ ಕಂಪನಿಯ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಬೆಳಿಗ್ಗೆ 9:15ಕ್ಕೆ ಮಾರ್ಕೆಟ್ ತೆರೆಯುತ್ತದೆ, ಆರ್ಡರ್‌ಗಳು ಒಮ್ಮೆಲೇ ನುಗ್ಗುತ್ತವೆ. ಸರಿಯಾಗಿ ಆ ಹೊತ್ತಿಗೇ ನಮ್ಮ ಆರ್ಡರ್ ಸರ್ವಿಸ್ ಒಂದೆರಡು ಸೆಕೆಂಡ್ ಅಲ್ಲಾಡದೆ ನಿಂತುಬಿಡುತ್ತದೆ. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತದೆ. ಅಷ್ಟರಲ್ಲಿ ಗ್ರಾಹಕರು ಕೇಳಿದ ಬೆಲೆ ಕೈತಪ್ಪಿ ಹೋಗಿರುತ್ತದೆ. ಬೇರೆಯವರ ದುಡ್ಡಿನ ವಿಷಯ, ಬಿಡುವ ಹಾಗಿಲ್ಲ.

ಮಷೀನಿನಲ್ಲಿ 128 ಜಿಬಿ ರ್ಯಾಮ್, ಎರಡು ಸಾಕೆಟ್. ಫ್ರೀ ಕಮಾಂಡ್ ಹೊಡೆದರೆ ಅವೈಲಬಲ್ ಕಾಲಮ್ಮಿನಲ್ಲಿ 40 ಜಿಬಿಗಿಂತ ಕಡಿಮೆ ಬಂದಿದ್ದೇ ಇಲ್ಲ. ಡಿಸ್ಕ್ ಎನ್‌ವಿಎಂಇ, ಅದೂ ಬಿಜಿ ಇಲ್ಲ. ಮೊದಲು ಜಾವಾ ಜಿಸಿ, ಅಂದರೆ ಬಳಸಿ ಬಿಟ್ಟ ಮೆಮೊರಿ ಗುಡಿಸುವ ಕೆಲಸದ ಮೇಲೆ ಅನುಮಾನ ಬಂತು. ಜಿಸಿ ಲಾಗ್‌ನಲ್ಲಿ ಉದ್ದದ ಪಾಸ್ ಇದೆ, ನಿಜ. ಆದರೆ ಅದರಲ್ಲಿ ಯೂಸರ್ ಟೈಮ್ ತೀರಾ ಕಡಿಮೆ, ಕರ್ನಲ್ (ಲಿನಕ್ಸಿನ ತಿರುಳು) ಕೆಲಸಕ್ಕೆ ಹೋದ ಸಿಸ್ ಟೈಮೇ ಜಾಸ್ತಿ. ಜಿಸಿ ತನ್ನ ಕೆಲಸ ಮಾಡುತ್ತಿದ್ದರೆ ಯೂಸರ್ ಟೈಮ್ ಏರಬೇಕಿತ್ತು ಅಲ್ವಾ?

ನಮ್ಮ ಟೀಮಿನಲ್ಲಿ ಈಗ ಒಂದು ಸಲಹೆ ಓಡಾಡುತ್ತಿದೆ. ದಿನಾ 9:10ಕ್ಕೆ ಕ್ರಾನ್‌ನಲ್ಲಿ ಡ್ರಾಪ್ ಕ್ಯಾಶಸ್ ಓಡಿಸಿ, ಕರ್ನಲ್ ರ್ಯಾಮಿನಲ್ಲಿ ಇಟ್ಟುಕೊಂಡ ಫೈಲ್ ಪ್ರತಿಗಳನ್ನೆಲ್ಲ ಖಾಲಿ ಮಾಡಿಬಿಡೋಣ ಅಂತ. ನನಗೆ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ಹೇಳಿ.

ಹಿಂಜವಡಿ ಕರ್ನಲ್:

ಡ್ರಾಪ್ ಕ್ಯಾಶಸ್ ಹಾಕಬೇಡಿ. ಅದು ಪರೀಕ್ಷೆ ಮಾಡುವಾಗ ಬಳಸೋಕೆ ಇಟ್ಟ ಗುಬುಟು, ದಿನಾ ಒತ್ತೋಕೆ ಅಲ್ಲ. ಕ್ಯಾಶ್ ಬೆಳೆಯದ ಹಾಗೆ ತಡೆಯೋದಕ್ಕೆ ಇದು ಅಲ್ಲ ಅಂತ ಕರ್ನಲ್ ಡಾಕ್ಯುಮೆಂಟೇಶನ್ನೇ ಹೇಳುತ್ತದೆ. 9:10ಕ್ಕೆ ಕ್ಯಾಶ್ ಖಾಲಿ ಮಾಡಿದರೆ 9:15ಕ್ಕೆ ಬೇಕಾದ ಫೈಲ್‌ಗಳನ್ನೆಲ್ಲ ಮತ್ತೆ ಡಿಸ್ಕಿನಿಂದ ಓದಬೇಕು. ನಿಮ್ಮ ಮುಖ್ಯ ಹೊತ್ತಿಗೆ ನೀವೇ ಕೆಲಸ ಹೆಚ್ಚಿಸಿಕೊಂಡ ಹಾಗೆ.

ಸಿಸ್ ಟೈಮ್ ಜಾಸ್ತಿ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಅವೈಲಬಲ್ ಅನ್ನೋದು 3.14 ಕರ್ನಲ್‌ನಲ್ಲಿ ಬಂದ ಒಂದು ಅಂದಾಜು. ಸ್ವಾಪ್‌ಗೆ (ರ್ಯಾಮಿನಲ್ಲಿದ್ದದ್ದನ್ನು ತಳ್ಳಿ ಇಡುವ ಡಿಸ್ಕ್ ಜಾಗ) ಹೋಗದೆ ಎಷ್ಟು ಕೊಡಬಹುದು ಅಂತ ಹೇಳುತ್ತದೆ, ಅದರಲ್ಲಿ ಪೇಜ್ ಕ್ಯಾಶ್, ಅಂದರೆ ಡಿಸ್ಕಿನಿಂದ ಓದಿ ರ್ಯಾಮಿನಲ್ಲಿ ಇಟ್ಟ ಫೈಲ್ ಭಾಗಗಳು ಕೂಡ ಸೇರಿವೆ. ಎಷ್ಟು ಬೇಗ ಕೊಡಬಹುದು ಅಂತ ಅದು ಹೇಳೋದಿಲ್ಲ. ಕ್ಯಾಶಿನಲ್ಲಿರುವ ಪೇಜನ್ನು (ಮೆಮೊರಿಯ 4 ಕೆಬಿ ತುಂಡು) ಯಾರಾದರೂ ಹುಡುಕಿ, ಬಿಡಿಸಿ, ಖಾಲಿ ಪಟ್ಟಿಗೆ ಸೇರಿಸಬೇಕು. ಆ ಕೆಲಸ ಯಾರ ತಲೆಗೆ ಬೀಳುತ್ತದೆ ಅನ್ನೋದೇ ಪ್ರಶ್ನೆ.

ಕರ್ನಲ್ ಮೆಮೊರಿಯನ್ನು ಝೋನ್ ಅನ್ನೋ ಭಾಗಗಳಾಗಿ ನೋಡುತ್ತದೆ, ಪ್ರತಿ ಝೋನಿಗೂ ಖಾಲಿ ಪೇಜಿನ ಮೂರು ಗೆರೆ ಇವೆ: ಮಿನ್, ಲೋ, ಹೈ. ಖಾಲಿ ಪೇಜುಗಳು ಲೋ ಗೆರೆಗಿಂತ ಕೆಳಗಿಳಿದರೆ ಪೇಜು ಬಿಡಿಸುವ ಕರ್ನಲ್ ಥ್ರೆಡ್ ಕೆಸ್ವಾಪ್‌ಡಿ ಎದ್ದು ಹಿನ್ನೆಲೆಯಲ್ಲಿ ಕೆಲಸ ಶುರು ಮಾಡುತ್ತದೆ, ಹೈ ಗೆರೆ ಮುಟ್ಟುವವರೆಗೂ ಮಾಡುತ್ತದೆ. ಅಷ್ಟರೊಳಗೆ ನಿಮ್ಮ ಪ್ರೋಗ್ರಾಮ್ ಇನ್ನೂ ಜೋರಾಗಿ ಕೇಳುತ್ತಾ ಹೋಗಿ ಖಾಲಿ ಪೇಜು ಮಿನ್‌ಗಿಂತ ಕೆಳಗೆ ಹೋಯಿತು ಅನ್ನಿ. ಆಗ ಕೇಳಿದ ಥ್ರೆಡ್ಡೇ ನಿಂತು ಪೇಜು ಬಿಡಿಸಬೇಕು. ಅದೇ ಡೈರೆಕ್ಟ್ ರಿಕ್ಲೇಮ್. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಬೆಳಗಿನ ರಶ್ಶಿಗೆ ಕ್ಲೀನರ್ ಹುಡುಗನ ಕೈ ಸಾಲದೆ, ಬಂದ ಗಿರಾಕಿಯೇ ತಟ್ಟೆ ಎತ್ತಿ ಟೇಬಲ್ ಒರೆಸಿ ಕೂರಬೇಕಾದರೆ ಹೇಗಿರುತ್ತದೆ, ಹಾಗೆ. ಹೋಟೆಲಿನಲ್ಲಿ ಜಾಗ ಇದೆ, ಗಿರಾಕಿಗೆ ಮಾತ್ರ ತಿಂಡಿ ತಡ.

ಹಾಗಾಗಿ ಮೆಮೊರಿ ಎಷ್ಟಿದೆ ಅಂತ ನೋಡಬೇಡಿ, ಯಾರು ಬಿಡಿಸುತ್ತಿದ್ದಾರೆ ಅಂತ ನೋಡಿ. ಪ್ರೋಕ್ ಕೆಳಗಿನ ವಿಎಂಸ್ಟ್ಯಾಟ್ ಫೈಲನ್ನು 9:14ಕ್ಕೆ ಒಂದು ಸಲ, 9:17ಕ್ಕೆ ಒಂದು ಸಲ ತೆಗೆದಿಡಿ. ಅಲಾಕ್‌ಸ್ಟಾಲ್ ಅಂತ ಶುರುವಾಗುವ ಸಾಲುಗಳು ಏರಿದ್ದರೆ ಡೈರೆಕ್ಟ್ ರಿಕ್ಲೇಮ್ ಆಗಿದೆ ಅಂತ ಲೆಕ್ಕ. ಪಿಜಿಸ್ಕ್ಯಾನ್ ಕೆಸ್ವಾಪ್‌ಡಿ ಮತ್ತು ಪಿಜಿಸ್ಕ್ಯಾನ್ ಡೈರೆಕ್ಟ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಜೊತೆಗೆ ಪ್ರೋಕ್ ಪ್ರೆಶರ್ ಕೆಳಗಿನ ಮೆಮೊರಿ ಫೈಲನ್ನೂ ಕಳಿಸಿ, ಮೆಮೊರಿಗಾಗಿ ಎಷ್ಟು ಹೊತ್ತು ಕಾದದ್ದಾಯಿತು ಅಂತ ಅದು ಹೇಳುತ್ತದೆ.

ಡೊಂಬಿವಲಿ ಡಿಬಿಎ:

ನನ್ನ ಅನುಭವ ಬೇರೆ. ನಮ್ಮ ಡೇಟಾಬೇಸ್ ಸರ್ವರ್‌ಗಳಲ್ಲಿ ಸ್ವಾಪ್ ಪೂರ್ತಿ ಆಫ್ ಮಾಡಿಬಿಟ್ಟಿದ್ದೇವೆ. ಸ್ವಾಪ್ ಇದ್ದರೆ ತಾನೆ ಕರ್ನಲ್ ಅದರ ಹಿಂದೆ ಬೀಳೋದು? ಮೂಲವನ್ನೇ ಕಿತ್ತರೆ ಆಯಿತಲ್ಲ. ಇದನ್ನು ಮೊದಲು ಮಾಡಿ ನೋಡಿ ತಮ್ಮಾ, ಉಳಿದದ್ದು ಆಮೇಲೆ.

ಹಿಂಜವಡಿ ಕರ್ನಲ್:

ಅಣ್ಣಾ, ಇದನ್ನು ನಾನು ಒಪ್ಪೋದಿಲ್ಲ. ಕಾರಣವನ್ನೂ ಹೇಳುತ್ತೇನೆ.

ಸ್ವಾಪ್ ತೆಗೆದರೆ ರಿಕ್ಲೇಮ್ ನಿಲ್ಲೋದಿಲ್ಲ. ಎತ್ತಬಹುದಾದ ಪೇಜುಗಳ ಪಟ್ಟಿ ಮಾತ್ರ ಚಿಕ್ಕದಾಗುತ್ತದೆ. ಹೀಪ್, ಸ್ಟ್ಯಾಕ್ ಇಂಥ ಅನಾನಿಮಸ್ ಪೇಜುಗಳನ್ನು ಇಡೋಕೆ ಬೇರೆ ಜಾಗವೇ ಇಲ್ಲ. ಹಾಗಾಗಿ ಒತ್ತಡವೆಲ್ಲ ಫೈಲ್ ಪೇಜುಗಳ ಮೇಲೆ ಬೀಳುತ್ತದೆ. ಫೈಲ್ ಪೇಜು ಅಂದರೆ ಬರೀ ಡೇಟಾ ಅಲ್ಲ. ಓಡುತ್ತಿರುವ ಪ್ರೋಗ್ರಾಮಿನ ಕೋಡ್, ಲೈಬ್ರರಿಗಳೂ ಫೈಲ್ ಪೇಜುಗಳೇ. ಅವನ್ನು ಎತ್ತಿ ಬಿಸಾಕುತ್ತದೆ, ಮರುಕ್ಷಣ ಅದೇ ಬೇಕಾಗಿ ಡಿಸ್ಕಿನಿಂದ ಓದುತ್ತದೆ, ಮತ್ತೆ ಬಿಸಾಕುತ್ತದೆ. ಸ್ವಾಪ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಮೌಸ್ ಕೂಡ ಅಲ್ಲಾಡದೆ ಡಿಸ್ಕ್ ಲೈಟ್ ಮಾತ್ರ ಉರಿಯೋದು ಇದೇ ಕಾರಣಕ್ಕೆ. ಮೆಮೊರಿ ಮುಗಿದಾಗ ಪ್ರೋಗ್ರಾಮನ್ನು ಕೊಲ್ಲುವ ಓಓಎಂ ಕಿಲ್ಲರ್ ಕೂಡ ಬೇಗ ಬರೋದಿಲ್ಲ. ಪೇಜು ಸಿಗುತ್ತಲೇ ಇರುತ್ತವಲ್ಲ, ಕರ್ನಲ್‌ಗೆ ಕೆಲಸ ಸಾಗುತ್ತಿದೆ ಅಂತಲೇ ಕಾಣುತ್ತದೆ.

ನಿಮ್ಮ ಸರ್ವರ್‌ಗಳಲ್ಲಿ ವರ್ಕಿಂಗ್‌ಸೆಟ್ ರೀಫಾಲ್ಟ್ ಫೈಲ್ ಅನ್ನೋ ಕೌಂಟರ್ ಒಮ್ಮೆ ನೋಡಿ. ಎತ್ತಿ ಹಾಕಿದ ಪೇಜೇ ವಾಪಸ್ ಬಂದದ್ದನ್ನು ಅದು ಎಣಿಸುತ್ತದೆ. ಅದು ಓಡುತ್ತಿದ್ದರೆ ಸ್ವಾಪ್ ಇಲ್ಲದಿರೋದು ನಿಮಗೆ ಲಾಭವಲ್ಲ. ಸ್ವಾಪಿನ ವಿಳಂಬವೇ ಭಯ ಆಗಿದ್ದರೆ ಝಡ್‌ರ್ಯಾಮ್ ಇದೆ, ರ್ಯಾಮಿನಲ್ಲೇ ಕುಗ್ಗಿಸಿ ಇಡುತ್ತದೆ. ಫೆಡೋರಾ 33ರಿಂದ ಅದನ್ನೇ ಡಿಫಾಲ್ಟ್ ಮಾಡಿದ್ದಾರೆ. ಸ್ವಾಪ್ ಕಡೆ ಎಷ್ಟು ವಾಲಬೇಕು ಅಂತ ಹೇಳುವ ಸ್ವಾಪಿನೆಸ್ 60 ಇರೋದನ್ನು 5.8 ಕರ್ನಲ್ ನಂತರ 200ರವರೆಗೂ ಏರಿಸಬಹುದು. ಝಡ್‌ರ್ಯಾಮ್ ಇದ್ದಾಗ 100ರ ಮೇಲೆ ಇಡೋದು ಸರಿಯಾಗಿಯೇ ಇರುತ್ತದೆ, ಡಿಸ್ಕಿಗಿಂತ ಅದು ವೇಗ.

ಐರೋಲಿ ಆಪ್ಸ್:

ಮೇಡಂ, ಇವತ್ತು ಬೆಳಿಗ್ಗೆ ತೆಗೆದೆ. ಅಲಾಕ್‌ಸ್ಟಾಲ್ ನಾರ್ಮಲ್ ಮತ್ತು ಮೂವಬಲ್ ಎರಡೂ 9:15ರ ಮೊದಲ ಕೆಲವೇ ಸೆಕೆಂಡಿನಲ್ಲಿ ಚಂಗನೆ ಏರಿವೆ, ಆಮೇಲೆ ಸುಮ್ಮನಾಗಿವೆ. ಪಿಜಿಸ್ಕ್ಯಾನ್ ಡೈರೆಕ್ಟ್ ಆ ಹೊತ್ತಿನಲ್ಲಿ ಕೆಸ್ವಾಪ್‌ಡಿಗಿಂತ ಮುಂದಿದೆ. ಪ್ರೆಶರ್ ಫೈಲಿನಲ್ಲಿ ಕೆಲವು ಥ್ರೆಡ್ ಕಾದದ್ದನ್ನು ಹೇಳುವ ಸಮ್ ಸಾಲು ಮಾತ್ರ ಅಲ್ಲ, ಎಲ್ಲವೂ ಒಟ್ಟಿಗೆ ಕಾದದ್ದನ್ನು ಹೇಳುವ ಫುಲ್ ಸಾಲು ಕೂಡ ಸೊನ್ನೆ ಬಿಟ್ಟು ಮೇಲೆದ್ದಿದೆ.

ನಿಂತಿದ್ದ ಥ್ರೆಡ್‌ಗಳ ಸ್ಟ್ಯಾಕ್ ಕೂಡ ಹಿಡಿದೆ. ಎಲ್ಲದರಲ್ಲೂ ಮೇಲೆ ಶ್ರಿಂಕ್ ಇನ್‌ಆಕ್ಟಿವ್ ಲಿಸ್ಟ್, ಅದರ ಕೆಳಗೆ ಟ್ರೈ ಟು ಫ್ರೀ ಪೇಜಸ್, ಅದರ ಕೆಳಗೆ ಅಲಾಕ್ ಪೇಜಸ್ ಸ್ಲೋಪಾತ್. ಆದರೆ ಒಂದು ಅರ್ಥವಾಗುತ್ತಿಲ್ಲ. ಅದೇ ಕ್ಷಣ ಫ್ರೀ ಕಮಾಂಡ್‌ನಲ್ಲಿ ಫ್ರೀ ಕಾಲಮ್ಮೇ 20 ಜಿಬಿ ಮೇಲೆ ತೋರಿಸುತ್ತಿದೆ. ಅವೈಲಬಲ್ ಅಲ್ಲ, ಪೂರ್ತಿ ಖಾಲಿ ಇರುವ ಪೇಜುಗಳು. ಅಷ್ಟಿದ್ದರೂ ಮಿನ್ ಗೆರೆ ಹೇಗೆ ಮುಟ್ಟಿತು?

ಚಾಕಣ್ ಎಂಬೆಡೆಡ್:

ಎರಡು ಸಾಕೆಟ್ ಅಂದಿರಿ, ಅಂದರೆ ಪ್ರತಿ ಸಿಪಿಯು ಸಾಕೆಟ್ಟಿಗೂ ಅದರ ಹತ್ತಿರದ ರ್ಯಾಮ್ ಸೇರಿ ಒಂದೊಂದು ನೋಡ್. ಗೆರೆಗಳು ಮಷೀನಿಗೆ ಒಂದಲ್ಲ, ಪ್ರತಿ ನೋಡಿನ ಪ್ರತಿ ಝೋನಿಗೂ ಬೇರೆ. ಪ್ರೋಕ್ ಕೆಳಗಿನ ಝೋನ್‌ಇನ್ಫೋ ತೆಗೆದು ನೋಡಿ, ನೋಡ್ 0 ಮತ್ತು ನೋಡ್ 1 ಬೇರೆ ಬೇರೆ ಕಾಣುತ್ತವೆ. ಸರ್ವಿಸನ್ನು ನ್ಯೂಮಾ ಕಂಟ್ರೋಲ್ ಹಾಕಿ ಓಡಿಸುತ್ತಿದ್ದೀರಾ? ಸ್ಟಾರ್ಟ್ ಸ್ಕ್ರಿಪ್ಟ್ ತೆರೆದು ಮೆಂಬೈಂಡ್ (ಹೇಳಿದ ನೋಡಿನ ಮೆಮೊರಿ ಮಾತ್ರ ಬಳಸು) ಅಂತ ಇದೆಯಾ ನೋಡಿ.

ಐರೋಲಿ ಆಪ್ಸ್:

ಇದೆ ಅಣ್ಣ. ವಿಳಂಬ ಕಡಿಮೆ ಆಗಲಿ ಅಂತ ಹಿಂದಿನ ಟೀಮ್ ನೋಡ್ 0ಕ್ಕೆ ಮೆಂಬೈಂಡ್ ಮಾಡಿ ಇಟ್ಟಿದೆ. ಝೋನ್‌ಇನ್ಫೋ ಪ್ರಕಾರ ಖಾಲಿ ಇರುವುದೆಲ್ಲ ನೋಡ್ 1ರಲ್ಲೇ. ನೋಡ್ 0 ಇಡೀ ಬೆಳಿಗ್ಗೆ ಲೋ ಗೆರೆ ಹತ್ತಿರವೇ ಇದೆ.

ಇನ್ನೊಂದು ವಿಷಯ ಕೂಡ ಸಿಕ್ಕಿತು. ಮಾರ್ಕೆಟ್ ತೆರೆಯುವ ಮುಂಚೆ ಒಂದು ಲೋಡರ್ ಓಡುತ್ತದೆ. ಹಿಂದಿನ ದಿನದ ಭಾವ್‌ಕಾಪಿ (ಬೆಲೆ ಪಟ್ಟಿ), ಕಾಂಟ್ರ್ಯಾಕ್ಟ್ ಮಾಸ್ಟರ್, ನಮ್ಮ ಹಳೆಯ ಲಾಗ್‌ಗಳು ಎಲ್ಲವನ್ನೂ ಓದಿ ತಾಳೆ ನೋಡುತ್ತದೆ. ಅದು ಶುರುವಾಗೋದೂ ಅದೇ ಸ್ಕ್ರಿಪ್ಟ್‌ನಿಂದ.

ಹಿಂಜವಡಿ ಕರ್ನಲ್:

ಹಾಗಾದರೆ ಕಥೆ ಪೂರ್ತಿಯಾಯಿತು ನೋಡಿ.

ಮೆಮೊರಿ ಪಾಲಿಸಿ ಅಪ್ಪನಿಂದ ಮಗನಿಗೆ ಹೋಗುತ್ತದೆ, ಫೋರ್ಕ್ ಆದರೂ ಎಕ್ಸೆಕ್ ಆದರೂ ಉಳಿಯುತ್ತದೆ. ಅಂದರೆ ನಿಮ್ಮ ಲೋಡರ್ ಓದಿದ ಪ್ರತಿ ಫೈಲಿನ ಪೇಜ್ ಕ್ಯಾಶ್ ಕೂಡ ನೋಡ್ 0ರಲ್ಲೇ ಕೂತಿದೆ. 9:15ರ ಹೊತ್ತಿಗೆ ನೋಡ್ 0 ತುಂಬಿರುತ್ತದೆ. ಪಕ್ಕದ ನೋಡಿನಲ್ಲಿ 20 ಜಿಬಿ ಖಾಲಿ ಇದ್ದರೂ ಮೆಂಬೈಂಡ್ ಅಂದ ಮೇಲೆ ಕರ್ನಲ್ ಅಲ್ಲಿಗೆ ಹೋಗೋ ಹಾಗಿಲ್ಲ. ಬೈಂಡ್ ಇಲ್ಲದಿದ್ದರೆ ಹೀಗೆ ಆಗುತ್ತಿರಲಿಲ್ಲ. ಒಂದು ನೋಡ್ ತುಂಬಿದರೆ ಸುಮ್ನೆ ಪಕ್ಕದ ನೋಡಿನಿಂದ ಪೇಜು ತೆಗೆದುಕೊಳ್ಳುತ್ತಿತ್ತು. ಹಳೆಯ ಕಾಲದಲ್ಲಿ, ಪಕ್ಕದ ನೋಡಿಗೆ ಹೋಗುವ ಮೊದಲು ತನ್ನ ಪೇಜುಗಳನ್ನೇ ಬಿಡಿಸುವ ಝೋನ್ ರಿಕ್ಲೇಮ್ ಮೋಡ್ ತಾನಾಗೇ ಆನ್ ಆಗಿ ಇದೇ ತೊಂದರೆ ಡೇಟಾಬೇಸ್‌ಗಳಿಗೆಲ್ಲ ಆಗುತ್ತಿತ್ತು. 2014ರ 3.16 ಕರ್ನಲ್‌ನಲ್ಲಿ ಅದನ್ನು ಡಿಫಾಲ್ಟ್ ಆಫ್ ಮಾಡಿದರು. ನಿಮ್ಮ ಸ್ಕ್ರಿಪ್ಟ್ ಅದನ್ನೇ ಬೇರೆ ದಾರಿಯಿಂದ ವಾಪಸ್ ತಂದಿದೆ.

ಮೊದಲು ಲೋಡರನ್ನು ಆ ಸ್ಕ್ರಿಪ್ಟಿನಿಂದ ಹೊರಗೆ ತನ್ನಿ, ನೋಡ್ 1ರಲ್ಲಿ ಓಡಿಸಿ. ಅದು ಒಮ್ಮೆ ಓದಿ ಬಿಡುವ ಫೈಲ್‌ಗಳು, ಹಾಗಾಗಿ ಓದಿದ ಮೇಲೆ ಫ್ಯಾಡ್ವೈಸ್‌ನಲ್ಲಿ ಡೋಂಟ್‌ನೀಡ್ ಅಂತ ಹೇಳಿದರೆ ಇನ್ನೂ ಒಳ್ಳೆಯದು. ಇಡೀ ಮಷೀನಿನ ಕ್ಯಾಶ್ ಹೋಗೋದಿಲ್ಲ, ಆ ಫೈಲಿನದು ಮಾತ್ರ ಹೋಗುತ್ತದೆ. ಸರ್ವಿಸ್‌ಗೆ ಮೆಂಬೈಂಡ್ ಬದಲು ಪ್ರಿಫರ್ಡ್ ಹಾಕಿ. ನೋಡ್ 0ರಲ್ಲಿ ಸಿಕ್ಕಿದರೆ ಅಲ್ಲಿ, ಇಲ್ಲದಿದ್ದರೆ ಪಕ್ಕದಲ್ಲಿ. ಪಕ್ಕದ ನೋಡಿನ ಮೆಮೊರಿ ಸ್ವಲ್ಪ ನಿಧಾನ, ಆದರೆ ಆ ವ್ಯತ್ಯಾಸ ನ್ಯಾನೋಸೆಕೆಂಡ್ ಲೆಕ್ಕದ್ದು. ನೀವು ಈಗ ಕಳೆದುಕೊಳ್ಳುತ್ತಿರೋದು ಸೆಕೆಂಡ್.

ಆಮೇಲೆ ಗೆರೆಗಳ ಅಂತರ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಎಲ್ಲರೂ ಹೋಗಿ ಮಿನ್ ಫ್ರೀ ಕೆಬೈಟ್ಸ್ ಏರಿಸುತ್ತಾರೆ, ಅದಕ್ಕಿಂತ ಸರಿಯಾದ ಗುಬುಟು ಇನ್ನೊಂದಿದೆ.

2016ರ 4.6 ಕರ್ನಲ್‌ನಿಂದ ವಾಟರ್‌ಮಾರ್ಕ್ ಸ್ಕೇಲ್ ಫ್ಯಾಕ್ಟರ್ ಅಂತ ಇದೆ. ಡಿಫಾಲ್ಟ್ 10. ಹತ್ತು ಸಾವಿರದಲ್ಲಿ 10 ಭಾಗ, ಅಂದರೆ ಶೇಕಡಾ 0.1. ನಿಮ್ಮ ಒಂದು ನೋಡ್ 64 ಜಿಬಿ. ಅದರ ಶೇಕಡಾ 0.1 ಅಂದರೆ ಹೆಚ್ಚುಕಡಿಮೆ 65 ಎಂಬಿ. ಮಿನ್ ಮತ್ತು ಲೋ ನಡುವೆ ಇರೋದು ಸುಮಾರು ಅಷ್ಟೇ. ಮಾರ್ಕೆಟ್ ತೆರೆದಾಗ ನಿಮ್ಮ ಪ್ರೋಗ್ರಾಮ್ ಸೆಕೆಂಡಿಗೆ 1 ಜಿಬಿ ವೇಗದಲ್ಲಿ ಹೊಸ ಪೇಜು ಕೇಳಿದರೆ ಆ 65 ಎಂಬಿ ಸುಮಾರು 65 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಕೆಸ್ವಾಪ್‌ಡಿ ಎದ್ದು, ಸಿಪಿಯು ಸಿಕ್ಕಿ, ಪಟ್ಟಿ ನೋಡಿ, ಪೇಜು ಬಿಡಿಸುವಷ್ಟರಲ್ಲಿ ನಿಮ್ಮ ಥ್ರೆಡ್ ಮಿನ್ ಮುಟ್ಟಿ ಆಗಿರುತ್ತದೆ.

ಅದನ್ನು 200 ಮಾಡಿ. ಶೇಕಡಾ 2 ಆಯಿತು, ಅಂತರ ಸುಮಾರು 1.3 ಜಿಬಿ. ಕೆಸ್ವಾಪ್‌ಡಿಗೆ ಒಂದು ಸೆಕೆಂಡಿಗಿಂತ ಜಾಸ್ತಿ ಸಮಯ ಸಿಗುತ್ತದೆ. ಲೋ ಮತ್ತು ಹೈ ನಡುವೆಯೂ ಅಷ್ಟೇ ಅಂತರ ಬರುತ್ತದೆ, ಹಾಗಾಗಿ ಪ್ರತಿ ನೋಡಿನಲ್ಲಿ ಎರಡೂವರೆ ಜಿಬಿ ಆಸುಪಾಸು ಖಾಲಿಯೇ ಇರುತ್ತದೆ. ಕೆಲವರಿಗೆ ಅದು ವೇಸ್ಟ್ ಅನಿಸಬಹುದು. ನನಗೆ ಅನಿಸೋದಿಲ್ಲ. 128 ಜಿಬಿ ಮಷೀನಿನಲ್ಲಿ ಅಷ್ಟು ಕೊಟ್ಟು ಥ್ರೆಡ್ ನಿಲ್ಲದ ಹಾಗೆ ಆಗುವುದಾದರೆ ಅದು ಅಗ್ಗ.

ಮಿನ್ ಫ್ರೀ ಕೆಬೈಟ್ಸ್ ಏರಿಸಿದರೂ ಅಂತರ ಬೆಳೆಯುತ್ತದೆ, ಆದರೆ ಮಿನ್ ಗೆರೆಯ ಕಾಲು ಭಾಗದಷ್ಟು ಮಾತ್ರ. ಮಿನ್ ಕೆಳಗಿನ ಭಾಗ ತುರ್ತು ಬಳಕೆಗೆ ಮೀಸಲು, ಸಾಮಾನ್ಯ ಪ್ರೋಗ್ರಾಮ್ ಅದನ್ನು ಮುಟ್ಟೋಕಾಗೋದಿಲ್ಲ. ನಿಮಗೆ ಬೇಕಾಗಿರೋದು ಮೀಸಲು ಅಲ್ಲ, ಕೆಸ್ವಾಪ್‌ಡಿ ಬೇಗ ಏಳೋದು. ತೀರಾ ಜಾಸ್ತಿ ಏರಿಸಿದರೆ ಓಓಎಂ ಬಾಗಿಲಿಗೇ ಬರುತ್ತದೆ.

ಇನ್ನೊಂದು ಮಾತು. ಅಂತರ ಹೆಚ್ಚಿಸೋದು ದಿಢೀರ್ ನುಗ್ಗುವ ಲೋಡಿಗೆ ಮಾತ್ರ ಮದ್ದು. ಪ್ರತಿ ನೋಡಿಗೂ ಇರೋದು ಒಂದೇ ಕೆಸ್ವಾಪ್‌ಡಿ ಥ್ರೆಡ್. ಟಾಪ್‌ನಲ್ಲಿ ಅದು ಗಂಟೆಗಟ್ಟಲೆ 100 ಪರ್ಸೆಂಟ್ ಸಿಪಿಯು ತಿನ್ನುತ್ತಿದ್ದರೆ ಈ ಗುಬುಟಿನಿಂದ ಏನೂ ಆಗೋದಿಲ್ಲ. ಆಗ ಮೆಮೊರಿ ನಿಜವಾಗಿಯೂ ಕಡಿಮೆ ಇದೆ ಅಂತ ಅರ್ಥ.

ಥಾಣೆ ಕಂಟೈನರ್:

ಈ ಥ್ರೆಡ್ ಓದಿ ನಮ್ಮಲ್ಲೂ ಅಲಾಕ್‌ಸ್ಟಾಲ್ ನೋಡಿದೆ ಅಕ್ಕಾ, ಸೊನ್ನೆ. ಆದರೆ ನಮ್ಮ ಪಾಡ್‌ಗಳು (ಕಂಟೈನರ್ ಗುಂಪುಗಳು) ನಿಲ್ಲೋದು ನಿಜ. ಮೆಮೊರಿ ಲಿಮಿಟ್ ಹತ್ತಿರ ಹೋದಾಗ ಪಿ99, ಅಂದರೆ ಅತಿ ನಿಧಾನದ ಶೇಕಡಾ 1 ಉತ್ತರಗಳ ಸಮಯ, ಏರುತ್ತದೆ. ಹಾಗಾದರೆ ನಮ್ಮದು ರಿಕ್ಲೇಮ್ ಅಲ್ವಾ?

ಹಿಂಜವಡಿ ಕರ್ನಲ್:

ರಿಕ್ಲೇಮೇ. ಅಲಾಕ್‌ಸ್ಟಾಲ್ ಇಡೀ ಮಷೀನಿನ ರಿಕ್ಲೇಮನ್ನು ಮಾತ್ರ ಎಣಿಸುತ್ತದೆ, ಸಿಗ್ರೂಪ್ (ಕಂಟೈನರಿಗೆ ಮಿತಿ ಹಾಕುವ ಕರ್ನಲ್ ಗುಂಪು) ಲಿಮಿಟ್ ಮುಟ್ಟಿ ಆಗುವ ರಿಕ್ಲೇಮ್ ಅದರಲ್ಲಿ ಬರೋದಿಲ್ಲ. ನಿಮ್ಮ ಸಿಗ್ರೂಪ್ ಫೋಲ್ಡರಿನಲ್ಲೇ ಮೆಮೊರಿ ಈವೆಂಟ್ಸ್, ಮೆಮೊರಿ ಪ್ರೆಶರ್ ಅಂತ ಫೈಲ್‌ಗಳಿವೆ, ಅಲ್ಲಿ ನೋಡಿ.

ಕಂಟೈನರಿಗೆ ತನ್ನದೇ ಕೆಸ್ವಾಪ್‌ಡಿ ಇಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಒದ್ದಾಡುತ್ತಾರೆ. ಮೆಮೊರಿ ಮ್ಯಾಕ್ಸ್ ಮುಟ್ಟಿದರೆ ಕೇಳಿದ ಥ್ರೆಡ್ಡೇ ಬಿಡಿಸಬೇಕು, ನೇರವಾಗಿ. ಮೆಮೊರಿ ಹೈ ದಾಟಿದರೂ ಅಷ್ಟೇ, ಜೊತೆಗೆ ಕರ್ನಲ್ ಬೇಕಂತಲೇ ಥ್ರೆಡ್ಡನ್ನು ಸ್ವಲ್ಪ ಹೊತ್ತು ಮಲಗಿಸುತ್ತದೆ, ಒಂದು ಸಲಕ್ಕೆ 2 ಸೆಕೆಂಡಿನವರೆಗೂ. ಲಿಮಿಟ್ಟನ್ನು ಇಕ್ಕಟ್ಟಾಗಿ ಇಟ್ಟು ಲೇಟೆನ್ಸಿ ಚೆನ್ನಾಗಿರಲಿ ಅಂದರೆ ಆಗೋದಿಲ್ಲ.

5.19ರಿಂದ ಮೆಮೊರಿ ರಿಕ್ಲೇಮ್ ಅಂತ ಫೈಲ್ ಇದೆ. ಅದರಲ್ಲಿ ಇಷ್ಟು ಎಂಬಿ ಅಂತ ಬರೆದರೆ ಆ ಸಿಗ್ರೂಪಿನಿಂದ ಅಷ್ಟು ಬಿಡಿಸೋಕೆ ಕರ್ನಲ್ ಪ್ರಯತ್ನ ಮಾಡುತ್ತದೆ. ಬರೆದವರು ಕಾಯುತ್ತಾರೆ, ನಿಮ್ಮ ಸರ್ವಿಸ್ ಕಾಯೋದಿಲ್ಲ. ಒಂದು ಚಿಕ್ಕ ಏಜೆಂಟ್ ಇಟ್ಟು, ಪ್ರೆಶರ್ ನೋಡಿಕೊಂಡು, ಬಿಡುವಿದ್ದಾಗ ಸ್ವಲ್ಪ ಸ್ವಲ್ಪ ಬಿಡಿಸುತ್ತಾ ಇದ್ದರೆ ಕಂಟೈನರಿಗೆ ಕೆಸ್ವಾಪ್‌ಡಿ ಕೊಟ್ಟ ಹಾಗೆಯೇ. ಫೇಸ್‌ಬುಕ್‌ನವರು ಸೆನ್‌ಪೈ ಅಂತ ಮಾಡಿದ್ದು ಇದನ್ನೇ. ಪ್ರೆಶರ್ ಫೈಲ್‌ಗಳ ಹಿಂದಿರುವ ಪಿಎಸ್‌ಐ ಬಂದಿದ್ದೂ ಅಲ್ಲಿಂದಲೇ, ಯೋಹಾನ್ನೆಸ್ ವೈನರ್ ಬರೆದದ್ದು, 2018ರ ಕೊನೆಯಲ್ಲಿ 4.20 ಕರ್ನಲ್‌ಗೆ ಸೇರಿತು.

ಮಾಪ್ಸಾ ಫೋಟೋ:

ನಾನು ಗೋವಾದವನು, ಫೋಟೋ ಸ್ಟುಡಿಯೋ ಇದೆ, ನಿಮ್ಮಷ್ಟು ಗೊತ್ತಿಲ್ಲ. ಆದರೆ ನನ್ನ ತೊಂದರೆಯೂ ಇದೇ ಜಾತಿಯದು ಅನಿಸುತ್ತಿದೆ. ಲಿನಕ್ಸ್ ಲ್ಯಾಪ್‌ಟಾಪ್, 16 ಜಿಬಿ. ಮದುವೆ ಫೋಟೋ, ವಿಡಿಯೋ ಎಲ್ಲ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇವೆ. ಕಾಪಿ ಶುರು ಮಾಡಿದ ತಕ್ಷಣ ಅರ್ಧ ಮುಗಿಯಿತು ಅಂತ ತೋರಿಸುತ್ತದೆ, ಆಮೇಲೆ ಬಾರ್ ನಿಂತೇಬಿಡುತ್ತದೆ. ಅಷ್ಟು ಹೊತ್ತು ಎಡಿಟಿಂಗ್ ಸಾಫ್ಟ್‌ವೇರ್ ಕೂಡ ಮಿಸುಕಾಡೋದಿಲ್ಲ. ಗಿರಾಕಿ ಎದುರಿಗೆ ಕೂತಿರುತ್ತಾರೆ ರೀ. ಇದಕ್ಕೇನಾದರೂ ದಾರಿ ಇದೆಯಾ?

ಡೊಂಬಿವಲಿ ಡಿಬಿಎ:

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಡರ್ಟಿ ಪೇಜುಗಳ ಜೊತೆ ದಿನಾ ಏಗುತ್ತೇನೆ.

ನೀವು ಕಾಪಿ ಮಾಡಿದ್ದು ಮೊದಲು ಹೋಗೋದು ರ್ಯಾಮಿಗೆ. ಬರೆಯಬೇಕಾದ ಪೇಜು ಅಂತ ಗುರುತು ಹಾಕಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಬಾರ್ ಜೋರಾಗಿ ಓಡಿದ ಹಾಗೆ ಕಾಣುತ್ತದೆ. ಡರ್ಟಿ ಬ್ಯಾಕ್‌ಗ್ರೌಂಡ್ ರೇಶಿಯೋ 10, ಅಲ್ಲಿಂದ ಕರ್ನಲ್ ಹಿನ್ನೆಲೆಯಲ್ಲಿ ಜೋರಾಗಿ ಬರೆಯೋಕೆ ಶುರು ಮಾಡುತ್ತದೆ. ಡರ್ಟಿ ರೇಶಿಯೋ 20, ಅಲ್ಲಿಗೆ ಬರೆಯುವ ಪ್ರೋಗ್ರಾಮನ್ನೇ ತಡೆಯುತ್ತದೆ. ಈ ಪರ್ಸೆಂಟ್ ಇಡೀ ರ್ಯಾಮಿನದಲ್ಲ, ಖಾಲಿ ಮತ್ತು ಕ್ಯಾಶ್ ಸೇರಿ ಬಳಸಬಹುದಾದ ಮೆಮೊರಿಯದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು 12 ಜಿಬಿ ಇದೆ ಅಂದುಕೊಳ್ಳಿ. 20 ಪರ್ಸೆಂಟ್ ಅಂದರೆ 2.4 ಜಿಬಿ. ಪೆನ್‌ಡ್ರೈವ್ ಸೆಕೆಂಡಿಗೆ 10 ಎಂಬಿ ಬರೆದರೆ ಅಷ್ಟೂ ಹೋಗೋಕೆ 4 ನಿಮಿಷ. ಅಷ್ಟು ಹೊತ್ತು ಮೆಮೊರಿ ಕೇಳಿದ ಬೇರೆಯವರಿಗೂ ಈ ಡರ್ಟಿ ಪೇಜುಗಳೇ ಅಡ್ಡ ಬರುತ್ತವೆ. ಬರೆದು ಮುಗಿಯದೆ ಅವನ್ನು ಬಿಡಿಸೋ ಹಾಗಿಲ್ಲವಲ್ಲ.

ದಾರಿ ಸುಲಭ. ಪರ್ಸೆಂಟ್ ಬಿಟ್ಟು ಬೈಟ್ಸ್ ಲೆಕ್ಕಕ್ಕೆ ಬನ್ನಿ. ಡರ್ಟಿ ಬೈಟ್ಸ್ 200 ಎಂಬಿ, ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ 50 ಎಂಬಿ ಇಡಿ. ಅದನ್ನು ಇಟ್ಟ ಕೂಡಲೇ ರೇಶಿಯೋ ತಾನಾಗೇ ಸೊನ್ನೆ ಆಗುತ್ತದೆ, ಗಾಬರಿ ಬೇಡ. ಕಾಪಿ ಒಟ್ಟು ಸಮಯ ಕಡಿಮೆ ಆಗೋದಿಲ್ಲ, ಪೆನ್‌ಡ್ರೈವ್ ವೇಗ ಅಷ್ಟೇ. ಆದರೆ ಬಾರ್ ಸುಳ್ಳು ಹೇಳೋದಿಲ್ಲ, ಎಡಿಟಿಂಗ್ ನಿಲ್ಲೋದಿಲ್ಲ.

ಮಾಪ್ಸಾ ಫೋಟೋ:

ಈಗಲೇ ಹಾಕಿ ನೋಡಿದೆ. ದೇವರಾಣೆ, ಕಾಪಿ ಆಗುತ್ತಾ ಇರುವಾಗಲೇ ಆಲ್ಬಮ್ ಪೇಜ್ ತಿರುಗಿಸಿದೆ, ತಡೆಯಲಿಲ್ಲ. ಬಹಳ ಉಪಕಾರವಾಯಿತು ಅಣ್ಣಾ.

ಚಾಕಣ್ ಎಂಬೆಡೆಡ್:

ಇದಕ್ಕೆ ಒಂದು ಹಿನ್ನೆಲೆ ಸೇರಿಸುತ್ತೇನೆ, ಯಾಕಂದರೆ ಈ ಪೆನ್‌ಡ್ರೈವ್ ಗೋಳು ಬಹಳ ಹಳೆಯದು.

ಮೊದಲು ಡೈರೆಕ್ಟ್ ರಿಕ್ಲೇಮ್‌ಗೆ ಹೋದ ಥ್ರೆಡ್ ಡರ್ಟಿ ಪೇಜು ಸಿಕ್ಕರೆ ತಾನೇ ಫೈಲ್‌ಸಿಸ್ಟಮ್ಮಿಗೆ ಬರೆಯುತ್ತಿತ್ತು. ಮೊದಲೇ ಆಳಕ್ಕೆ ಹೋಗಿದ್ದ ಕರ್ನಲ್ ಸ್ಟ್ಯಾಕ್ ಮೇಲೆ ಫೈಲ್‌ಸಿಸ್ಟಮ್ ಕೋಡ್ ಕೂಡ ಹತ್ತಿ ಕೂರುತ್ತಿತ್ತು, ಡಿಸ್ಕ್ ಮೇಲೆ ಅಲ್ಲೊಂದು ಇಲ್ಲೊಂದು ಪೇಜು ಬರೆದು ವೇಗವೂ ಬೀಳುತ್ತಿತ್ತು. ಮೆಲ್ ಗೋರ್ಮನ್ ಅವರ ಪ್ಯಾಚ್‌ಗಳಿಂದ 3.2ರಲ್ಲಿ ಅದು ನಿಂತಿತು, ಬರೆಯೋದು ಫ್ಲಶರ್ ಥ್ರೆಡ್‌ಗಳ ಕೆಲಸ ಆಯಿತು. ಆದರೆ ರಿಕ್ಲೇಮ್ ಕಾಯಬೇಕಾದಾಗ ಕಂಜೆಶನ್ ವೇಟ್ ಅನ್ನೋದನ್ನು ಕರೆಯುತ್ತಿತ್ತು. ಡಿಸ್ಕ್ ಬಿಜಿ ಇದ್ದರೆ ಸ್ವಲ್ಪ ಕಾಯಿ, ತಿಳಿಯಾದಾಗ ಎಬ್ಬಿಸುತ್ತೇವೆ ಅಂತ. ಬ್ಲಾಕ್ ಲೇಯರ್ ಮಲ್ಟಿಕ್ಯೂಗೆ ಬದಲಾದ ಮೇಲೆ ಎಬ್ಬಿಸುವವರೇ ಇಲ್ಲವಾದರು. ಕಾದ ಥ್ರೆಡ್ ಸುಮ್ನೆ ಟೈಮೌಟ್ ಆಗುವವರೆಗೂ ಮಲಗಿ ಏಳುತ್ತಿತ್ತು, ಎಷ್ಟೋ ಕಡೆ ಅದು 100 ಮಿಲಿಸೆಕೆಂಡ್. ಸ್ಟಾಲ್ ಅಂದರೆ ಇದಕ್ಕಿಂತ ಶುದ್ಧವಾದ ಸ್ಟಾಲ್ ಇಲ್ಲ. 2022ರ ಆರಂಭದಲ್ಲಿ ಬಂದ 5.16ರಲ್ಲಿ ಗೋರ್ಮನ್ ಅವರೇ ಅದನ್ನು ಕಿತ್ತು, ಯಾಕೆ ಕಾಯುತ್ತಿದ್ದೇವೆ ಅನ್ನೋದಕ್ಕೆ ತಕ್ಕ ಹಾಗೆ ಮಲಗಿಸಿ, ಪರಿಸ್ಥಿತಿ ಬದಲಾದ ಕೂಡಲೇ ಎಬ್ಬಿಸುವ ಕೋಡ್ ಹಾಕಿದರು.

ಡ್ರೈವರ್ ಬರೆಯುವವರು ಈ ವೇದಿಕೆಯಲ್ಲಿ ಇದ್ದಾರೆ ಅಂತ ಗೊತ್ತು, ಅವರಿಗೆ ನನ್ನದೊಂದು ಕೋರಿಕೆ. ಸ್ಟಾಲ್ ಆದಾಗ ಎಲ್ಲರೂ ಸಿಸ್‌ಕಂಟ್ರೋಲ್ ತಿರುಗಿಸುತ್ತಾರೆ, ಆದರೆ ಎಷ್ಟೋ ಸಲ ಬೇರು ನಮ್ಮ ಕೋಡಿನಲ್ಲೇ ಇರುತ್ತದೆ. ನಿಮ್ಮ ಡ್ರೈವರ್ ಸ್ಟೋರೇಜ್ ದಾರಿಯಲ್ಲಿದ್ದರೆ ಬರೆಯುವ ಹೊತ್ತಿಗೆ ಜಿಎಫ್‌ಪಿ ಕರ್ನಲ್ (ರಿಕ್ಲೇಮ್‌ಗೆ ಕಾದರೂ ಸರಿ) ಅಂತ ಮೆಮೊರಿ ಕೇಳಬೇಡಿ. ಮೆಮೊರಿ ಬಿಡಿಸೋಕೆ ಪೇಜು ಬರೆಯಬೇಕು, ಪೇಜು ಬರೆಯೋಕೆ ನಿಮ್ಮ ಡ್ರೈವರ್ ಬೇಕು, ನಿಮ್ಮ ಡ್ರೈವರ್ ಮೆಮೊರಿಗಾಗಿ ಕಾಯುತ್ತಿದೆ. ಗಂಟು ಬಿತ್ತು, ಬಿಡಿಸುವವರಿಲ್ಲ. ಅಲ್ಲಿ ಡಿಸ್ಕ್ ಕೆಲಸ ಶುರು ಮಾಡದ ಜಿಎಫ್‌ಪಿ ನೋಐಓ ಬೇಕು, ಇಲ್ಲವೇ ಮೆಮ್‌ಅಲಾಕ್ ನೋಐಓ ಸೇವ್ ಹಾಕಿ ಆ ಇಡೀ ಭಾಗವನ್ನೇ ಸುತ್ತಿಡಿ. ಅದಕ್ಕಿಂತ ಒಳ್ಳೆಯದು, ಡ್ರೈವರ್ ಶುರುವಾಗುವಾಗಲೇ ಮೆಂಪೂಲ್ (ಮೀಸಲು ಮೆಮೊರಿ) ಮಾಡಿಟ್ಟುಕೊಳ್ಳಿ.

ರಿಕ್ಲೇಮ್ ಕರೆದಾಗ ನಿಮ್ಮ ಕ್ಯಾಶ್ ಕುಗ್ಗಿಸುವ ಶ್ರಿಂಕರ್ ಬರೆದರೆ ಅದರೊಳಗೆ ಯಾವುದಕ್ಕೂ ಕಾಯಬೇಡಿ. ಲಾಕ್ ಬೇಕಾದರೆ ಟ್ರೈಲಾಕ್ ಮಾಡಿ, ಸಿಗದಿದ್ದರೆ ಶ್ರಿಂಕ್ ಸ್ಟಾಪ್ ಅಂತ ಹೇಳಿ ವಾಪಸ್ ಬನ್ನಿ. ಒಂದು ಶ್ರಿಂಕರ್ ಕಾದರೆ ಆ ಹೊತ್ತಿಗೆ ರಿಕ್ಲೇಮ್ ಮಾಡುತ್ತಿರುವ ಯಾವ ಪ್ರೋಗ್ರಾಮ್ ಬೇಕಾದರೂ ನಿಲ್ಲಬಹುದು, ಅದಕ್ಕೂ ನಿಮ್ಮ ಡ್ರೈವರಿಗೂ ಸಂಬಂಧವೇ ಇರೋದಿಲ್ಲ. ಎಕ್ಸ್‌ಎಫ್‌ಎಸ್‌ನಲ್ಲಿ ಐನೋಡ್ ಬಿಡಿಸುವಾಗ ಡಿಸ್ಕಿಗೆ ಕಾಯುವ ಅಭ್ಯಾಸ ವರ್ಷಗಟ್ಟಲೆ ಇತ್ತು, 5.9ರಲ್ಲಿ ಅದನ್ನು ಕಾಯದ ಹಾಗೆ ತಿದ್ದಿದರು. ಟೆಸ್ಟ್ ಬೋರ್ಡಿನಲ್ಲಿ ಲಾಕ್‌ಡೆಪ್ ಆನ್ ಇಟ್ಟು ಓಡಿಸಿ. ಲಾಕ್ ಹಿಡಿದು ಮೆಮೊರಿ ಕೇಳಿ, ರಿಕ್ಲೇಮ್ ಒಳಗೂ ಅದೇ ಲಾಕ್ ಕೇಳಿದರೆ ನಿಜವಾದ ಒತ್ತಡ ಬರುವ ಮುಂಚೆಯೇ ಅದು ಹಿಡಿದು ತೋರಿಸುತ್ತದೆ.

ಥಾಣೆ ಕಂಟೈನರ್:

ಹೊಸ ಕರ್ನಲ್‌ನಲ್ಲಿ ಮಲ್ಟಿಜೆನ್ ಎಲ್‌ಆರ್‌ಯು ಅಂತ ಬಂದಿದೆಯಲ್ಲ, ಅದನ್ನು ಆನ್ ಮಾಡಿದರೆ ಇದೆಲ್ಲ ಮುಗಿಯೋದಿಲ್ವಾ?

ಹಿಂಜವಡಿ ಕರ್ನಲ್:

ಸಹಾಯ ಆಗುತ್ತದೆ, ಪೂರ್ತಿ ಮುಗಿಯೋದಿಲ್ಲ. ಗೂಗಲ್‌ನ ಯು ಝಾವೊ ಬರೆದದ್ದು, 2022ರ ಡಿಸೆಂಬರಿನಲ್ಲಿ ಬಂದ 6.1ರಲ್ಲಿ ಸೇರಿತು. ಯಾವ ಪೇಜು ಹಳೆಯದು ಅಂತ ಹುಡುಕುವ ಕೆಲಸ ಅದರಲ್ಲಿ ಕಡಿಮೆ ಖರ್ಚಿನಲ್ಲಿ ಆಗುತ್ತದೆ, ಹಾಗಾಗಿ ಕೆಸ್ವಾಪ್‌ಡಿ ಸಿಪಿಯು ಕಡಿಮೆ ತಿನ್ನುತ್ತದೆ. ಮಿನ್ ಟಿಟಿಎಲ್ ಎಂಎಸ್ ಅಂತ ಒಂದು ಗುಬುಟೂ ಇದೆ. 1000 ಇಟ್ಟರೆ ಕಳೆದ ಒಂದು ಸೆಕೆಂಡಿನಲ್ಲಿ ಬಳಸಿದ ಪೇಜುಗಳನ್ನು ಎತ್ತೋದಿಲ್ಲ. ಅವನ್ನು ಎತ್ತದೆ ಗತಿಯಿಲ್ಲ ಅನ್ನೋ ಸ್ಥಿತಿ ಬಂದರೆ ಒದ್ದಾಡದೆ ಓಓಎಂ ಕರೆಯುತ್ತದೆ. ಡೆಸ್ಕ್‌ಟಾಪ್‌ಗೆ ಅದು ಒಳ್ಳೆಯದು. ಆರ್ಡರ್ ಸರ್ವಿಸ್ ಇರುವ ಮಷೀನಿನಲ್ಲಿ ನಾನಂತೂ ಯೋಚಿಸಿಯೇ ಇಡುತ್ತೇನೆ. ಗೆರೆಗಳ ಲೆಕ್ಕ ಅಲ್ಲೂ ಹಾಗೇ ಇದೆ. ಅಂತರ ಇಕ್ಕಟ್ಟಾಗಿದ್ದರೆ ಡೈರೆಕ್ಟ್ ರಿಕ್ಲೇಮ್ ಅಲ್ಲೂ ಬರುತ್ತದೆ.

ಐರೋಲಿ ಆಪ್ಸ್:

ಲೋಡರನ್ನು ನೋಡ್ 1ಕ್ಕೆ ಕಳಿಸಿದೆವು, ಸರ್ವಿಸ್‌ಗೆ ಪ್ರಿಫರ್ಡ್, ಸ್ಕೇಲ್ ಫ್ಯಾಕ್ಟರ್ 200. ಮೊದಲು ಟೆಸ್ಟ್ ಮಷೀನಿನಲ್ಲಿ ಹಳೆಯ ಆರ್ಡರ್ ಲಾಗ್ ಓಡಿಸಿ ನೋಡಿ, ಆಮೇಲೆ ಪ್ರೊಡಕ್ಷನ್‌ಗೆ ಹಾಕಿದ್ದು. ಈ ವಾರ ಅಲಾಕ್‌ಸ್ಟಾಲ್ 9:15ಕ್ಕೆ ಅಲ್ಲಾಡಿಲ್ಲ. ಫುಲ್ ಸಾಲು ಸೊನ್ನೆ. ಡ್ರಾಪ್ ಕ್ಯಾಶಸ್ ಮಾತು ಟೀಮಿನಲ್ಲಿ ಈಗ ಯಾರೂ ಎತ್ತುತ್ತಿಲ್ಲ.

ಒಂದು ಉಳಿದಿದೆ. ಸರ್ವಿಸ್ ರೀಸ್ಟಾರ್ಟ್ ಆದ ದಿನ ಮಾತ್ರ ಮೊದಲ ಕೆಲವು ನಿಮಿಷ ಚಿಕ್ಕ ಚಿಕ್ಕ ತಡೆ ಕಾಣುತ್ತದೆ. ಅಲಾಕ್‌ಸ್ಟಾಲ್ ಸೊನ್ನೆ, ಆದರೆ ಕಂಪ್ಯಾಕ್ಟ್ ಸ್ಟಾಲ್ ಅನ್ನೋ ಕೌಂಟರ್ ಏರುತ್ತಿದೆ. ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜಸ್ (2 ಎಂಬಿಯ ದೊಡ್ಡ ಪೇಜು) ಆಲ್ವೇಸ್ ಇದೆ, ಡಿಫ್ರ್ಯಾಗ್ ಕೂಡ ಆಲ್ವೇಸ್.

ಹಿಂಜವಡಿ ಕರ್ನಲ್:

ಅದು ರಿಕ್ಲೇಮ್ ಅಲ್ಲ, ಅದರ ಪಕ್ಕದ ಮನೆ, ಕಂಪ್ಯಾಕ್ಷನ್. ಖಾಲಿ ಪೇಜು ಬೇಕಾದಷ್ಟಿವೆ, ಆದರೆ 2 ಎಂಬಿ ಒಟ್ಟಿಗೆ ಬೇಕು ಅಂದರೆ 4 ಕೆಬಿಯ 512 ಪೇಜು ಸಾಲಾಗಿ ಸಿಗಬೇಕು. ಸಿಗದಿದ್ದರೆ ಡಿಫ್ರ್ಯಾಗ್ ಆಲ್ವೇಸ್ ಅಂದಾಗ ಪೇಜ್ ಫಾಲ್ಟ್ ಆದ ಥ್ರೆಡ್ಡೇ ನಿಂತು ಪೇಜುಗಳನ್ನು ಆಚೀಚೆ ಸರಿಸಬೇಕು. ಡಿಫ್ರ್ಯಾಗನ್ನು ಡಿಫರ್ ಪ್ಲಸ್ ಎಂಅಡ್ವೈಸ್ ಮಾಡಿ. ಆಗ ಕೇಳಿದವರಿಗೆ ಸದ್ಯಕ್ಕೆ ಚಿಕ್ಕ ಪೇಜು ಕೊಟ್ಟು ಕಳಿಸುತ್ತದೆ, ಜೋಡಿಸುವ ಕೆಲಸ ಕೆಕಂಪ್ಯಾಕ್ಟ್‌ಡಿಗೆ ಹೋಗುತ್ತದೆ. ಜಾವಾಕ್ಕೆ ಎಕ್ಸ್‌ಎಂಎಸ್ ಮತ್ತು ಎಕ್ಸ್‌ಎಂಎಕ್ಸ್ (ಹೀಪಿನ ಆರಂಭದ ಮತ್ತು ಗರಿಷ್ಠ ಸೈಜು) ಒಂದೇ ಇಟ್ಟು ಆಲ್ವೇಸ್ ಪ್ರೀಟಚ್ ಆನ್ ಮಾಡಿ. ಹೀಪ್ ಪೂರ್ತಿ ಶುರುವಿನಲ್ಲೇ ಮುಟ್ಟಿ ಆಗಿರುತ್ತದೆ, ಹೊಸ ಪೇಜಿಗಾಗಿ 9:15ಕ್ಕೆ ಕರ್ನಲ್ ಬಾಗಿಲು ತಟ್ಟುವ ಪ್ರಮೇಯವೇ ಕಡಿಮೆ. ರೀಸ್ಟಾರ್ಟ್ ಸ್ವಲ್ಪ ನಿಧಾನ ಆಗುತ್ತದೆ, ಅದಕ್ಕೆ 9 ಗಂಟೆಗಿಂತ ಸಾಕಷ್ಟು ಮುಂಚೆ ಮಾಡಿಕೊಳ್ಳಿ.

ಅಲರ್ಟ್ ಕೂಡ ಬದಲಿಸಿ. ಫ್ರೀ ಮೆಮೊರಿ ಇಷ್ಟಕ್ಕಿಂತ ಕಡಿಮೆಯಾದರೆ ಫೋನ್ ಬರಬೇಕು ಅನ್ನೋ ಅಲರ್ಟ್ ನಿಮ್ಮ ಈ ಕೇಸಿನಲ್ಲಿ ಒಂದು ದಿನವೂ ಕೂಗುತ್ತಿರಲಿಲ್ಲ. ಪ್ರೆಶರ್ ಮೆಮೊರಿ ಫೈಲನ್ನು ತೆರೆದು ಅದಕ್ಕೆ ಸಮ್ 150000 1000000 ಅಂತ ಬರೆದು ಪೋಲ್ ಮೇಲೆ ಕೂರಿಸಿ. ಒಂದು ಸೆಕೆಂಡಿನಲ್ಲಿ 150 ಮಿಲಿಸೆಕೆಂಡಿಗಿಂತ ಜಾಸ್ತಿ ಹೊತ್ತು ಯಾವುದಾದರೂ ಥ್ರೆಡ್ ಮೆಮೊರಿಗಾಗಿ ಕಾದರೆ ಕರ್ನಲ್ಲೇ ಎಬ್ಬಿಸುತ್ತದೆ. ಆ್ಯಂಡ್ರಾಯ್ಡ್ ಫೋನಿನಲ್ಲಿ ಯಾವ ಆ್ಯಪ್ ಮುಚ್ಚಬೇಕು ಅಂತ ನೋಡುವ ಎಲ್‌ಎಂಕೆಡಿ ಕೂಡ ಇದನ್ನೇ ನಂಬಿದೆ. ನಿಮ್ಮ ಸರ್ವಿಸಿಗೆ 150 ಜಾಸ್ತಿ ಅನಿಸಿದರೆ 50000 ಇಡಿ.

ಐರೋಲಿ ಆಪ್ಸ್:

ಶನಿವಾರ ಮಾರ್ಕೆಟ್ ರಜೆ, ಡಿಫ್ರ್ಯಾಗ್ ಮತ್ತು ಪ್ರೀಟಚ್ ಅವತ್ತೇ ಹಾಕುತ್ತೇನೆ ಮೇಡಂ. ಅಲರ್ಟ್ 50000ಕ್ಕೇ ಇಡುತ್ತೇನೆ. ಸೋಮವಾರದ ವಿಎಂಸ್ಟ್ಯಾಟ್ ಇಲ್ಲೇ ಹಾಕುತ್ತೇನೆ.

ಡೊಂಬಿವಲಿ ಡಿಬಿಎ:

ತಂಗೀ, ನೀವು ಹೇಳಿದ ರೀಫಾಲ್ಟ್ ಕೌಂಟರ್ ನೋಡಿದೆ. ರಾತ್ರಿ ಬ್ಯಾಕಪ್ ಹೊತ್ತಿಗೆ ಎರಡು ಸರ್ವರ್‌ಗಳಲ್ಲಿ ಓಡುತ್ತಿದೆ. ಅವೆರಡಕ್ಕೆ ಝಡ್‌ರ್ಯಾಮ್ ಹಾಕಿ ನೋಡಬೇಕು ಅಂತಿದ್ದೇನೆ. 64 ಜಿಬಿ ಮಷೀನಿಗೆ ಎಷ್ಟು ಸೈಜ್ ಇಡಲಿ?

ಹಿಂಜವಡಿ ಕರ್ನಲ್:

8 ಜಿಬಿಯಿಂದ ಶುರು ಮಾಡಿ ಅಣ್ಣಾ. ಡೇಟಾಬೇಸಿನ ಶೇರ್ಡ್ ಬಫರ್ ಹ್ಯೂಜ್ ಪೇಜಿನಲ್ಲಿ ಲಾಕ್ ಆಗಿರಲಿ, ಅದು ಸ್ವಾಪಿಗೆ ಹೋಗಬಾರದು. ಬ್ಯಾಕಪ್ಪನ್ನು ಬೇರೆ ಸಿಗ್ರೂಪಿನಲ್ಲಿ ಹಾಕಿ ಅದಕ್ಕೆ ಮೆಮೊರಿ ಹೈ ಕೊಡಿ. ನಿಧಾನ ಆಗುವುದಾದರೆ ಬ್ಯಾಕಪ್ ಆಗಲಿ, ಡೇಟಾಬೇಸ್ ಆಗೋದು ಬೇಡ.